ಅಷ್ಟಾಂಗ ನಿಮಿತ್ತ ಬಲ್ಲ ಭದ್ರಬಾಹು ಮುನಿ

ನಾಳೆ ಏನಾದೀತು ಎಂಬ ಪ್ರಶ್ನೆ ಮನುಷ್ಯನಷ್ಟೇ ಹಳೆಯದು. ನಮ್ಮ ತುಳುನಾಡಿನಲ್ಲಿ ಕ್ಷೇತ್ರವೊಂದರ ಜೀರ್ಣೋದ್ಧಾರಕ್ಕೆ ಮುನ್ನ ಅಷ್ಟಮಂಗಲ ಪ್ರಶ್ನೆ ಇಡುವ ವಾಡಿಕೆಯಿದೆ. ದೈವಜ್ಞರು ಕವಡೆಗಳನ್ನು ವಿಂಗಡಿಸಿ, ರಾಶಿ ಹಿಡಿದು, ಹಿಂದೆ ಆದ ಲೋಪವನ್ನೂ ಮುಂದೆ ಆಗಬೇಕಾದುದನ್ನೂ ಹೇಳುತ್ತಾರೆ. ವೀಳ್ಯದೆಲೆಯನ್ನು ನೋಡಿ ಫಲ ಹೇಳುವ ತಾಂಬೂಲ ಪ್ರಶ್ನೆಯುಂಟು, ನೇಮದಲ್ಲಿ ದೈವ ಕೊಡುವ ನುಡಿಯುಂಟು. ಮದುವೆಯ ಮಾತೆದ್ದ ಮನೆಯಲ್ಲಿ ಜಾತಕಗಳು ಹೊರಬರುತ್ತವೆ. ಏನೂ ನಂಬದೆನೆನ್ನುವವನೂ ಹಲ್ಲಿ ಲೊಚಗುಟ್ಟಿದಾಗ ಒಂದು ಕ್ಷಣ ಮಾತು ನಿಲ್ಲಿಸುತ್ತಾನೆ. ಮಂಗಳೂರಿನ ಜೈನ ಮನೆಗಳೂ ಇದಕ್ಕೆ ಹೊರತಲ್ಲ. ಶ್ರಾವಕನಾದವನು ಭವಿಷ್ಯ ಕೇಳಬಹುದೇ, ಕೇಳಿದರೆ ಕರ್ಮಸಿದ್ಧಾಂತಕ್ಕೆ ಕುಂದು ಬಾರದೇ ಎಂಬ ಜಿಜ್ಞಾಸೆ ಆಗಾಗ ಏಳುತ್ತದೆ. ಈ ಜಿಜ್ಞಾಸೆಗೆ ಶಾಸ್ತ್ರವಾಕ್ಯಗಳಿಂದ ಉತ್ತರ ಹುಡುಕುವುದಕ್ಕಿಂತ ಒಂದು ಜೀವನದಿಂದ ಹುಡುಕುವುದು ಲೇಸು. ಆ ಜೀವನ ಅಂತಿಮ ಶ್ರುತಕೇವಲಿ ಭದ್ರಬಾಹು ಸ್ವಾಮಿಗಳದು.

ಭಗವಾನ್ ಮಹಾವೀರರ ನಿರ್ವಾಣಾನಂತರ ಮೂವರು ಕೇವಲಜ್ಞಾನಿಗಳು 62 ವರ್ಷಗಳ ಕಾಲ ಧರ್ಮವನ್ನು ನಡೆಸಿದರು. ಆಮೇಲೆ ಬಂದ ಐವರಿಗೆ ಕೇವಲಜ್ಞಾನವಿರಲಿಲ್ಲ, ಆದರೆ ಹನ್ನೆರಡು ಅಂಗಗಳೂ ಹದಿನಾಲ್ಕು ಪೂರ್ವಗಳೂ ಸೇರಿದ ಸಮಗ್ರ ಶ್ರುತ ಕಂಠಸ್ಥವಾಗಿತ್ತು. ವಿಷ್ಣು, ನಂದಿಮಿತ್ರ, ಅಪರಾಜಿತ, ಗೋವರ್ಧನ, ಭದ್ರಬಾಹು ಎಂಬ ಈ ಐವರ ಕಾಲ ದಿಗಂಬರ ಪರಂಪರೆಯ ಲೆಕ್ಕದಲ್ಲಿ ಒಂದು ನೂರು ವರ್ಷ. ಭದ್ರಬಾಹುಗಳೊಂದಿಗೆ ಸಮಗ್ರ ಶ್ರುತವನ್ನು ಬಲ್ಲವರ ಸಾಲು ಮುಗಿಯಿತು. ಹದಿನಾಲ್ಕು ಪೂರ್ವಗಳಲ್ಲಿ ಹತ್ತನೆಯದಾದ ವಿದ್ಯಾನುವಾದದಲ್ಲಿ ನಾನಾ ವಿದ್ಯೆಗಳ ಜತೆಗೆ ಎಂಟು ಮಹಾನಿಮಿತ್ತಗಳ ನಿರೂಪಣೆಯಿತ್ತೆಂದು ಆಚಾರ್ಯರು ಹೇಳುತ್ತಾರೆ. ಶಾಸನಗಳೂ ಕಾವ್ಯಗಳೂ ಭದ್ರಬಾಹುಗಳನ್ನು ಅಷ್ಟಾಂಗ ಮಹಾನಿಮಿತ್ತ ಬಲ್ಲವರೆಂದು ಕರೆಯುವುದು ಈ ಕಾರಣದಿಂದ.

ಅವರ ಬಾಲ್ಯದ ಕಥೆಯನ್ನು ಹರಿಷೇಣಾಚಾರ್ಯರು 931ರಲ್ಲಿ ರಚಿಸಿದ ಬೃಹತ್ಕಥಾಕೋಶವೂ ನಮ್ಮ ಕನ್ನಡದ ವಡ್ಡಾರಾಧನೆಯೂ ಹೇಳಿವೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಭದ್ರಬಾಹು ಭಟ್ಟಾರರದೂ ಒಂದು. ಪುಂಡ್ರವರ್ಧನ ನಾಡಿನಲ್ಲಿ, ಎಂದರೆ ಇಂದಿನ ಉತ್ತರ ಬಂಗಾಳದ ಕಡೆ, ಸೋಮಶರ್ಮನೆಂಬ ಪುರೋಹಿತನಿಗೂ ಸೋಮಶ್ರೀಗೂ ಜನಿಸಿದ ಮಗು ಅವರು. ಒಂದು ದಿನ ಓರಗೆಯ ಹುಡುಗರೊಡನೆ ಆಡುತ್ತ ಬಾಲಕ ಗುಂಡುಗಳನ್ನು ಒಂದರ ಮೇಲೊಂದರಂತೆ ಪೇರಿಸತೊಡಗಿದ. ಬೇರೆಯವರ ಕೈಯಲ್ಲಿ ಕೆಲವೇ ಗುಂಡುಗಳು ನಿಂತು ಉರುಳಿದರೆ ಇವನ ಕೈಯಲ್ಲಿ ಹದಿನಾಲ್ಕು ನಿಂತವು. ಆ ಹಾದಿಯಲ್ಲಿ ವಿಹರಿಸುತ್ತಿದ್ದ ನಾಲ್ಕನೆಯ ಶ್ರುತಕೇವಲಿ ಗೋವರ್ಧನಾಚಾರ್ಯರು ಅದನ್ನು ಕಂಡು ನಿಂತರು. ಹದಿನಾಲ್ಕು ಪೂರ್ವಗಳನ್ನು ಧರಿಸಬಲ್ಲ ಕೊನೆಯ ಪಾತ್ರ ಇದೇ ಎಂದು ಅವರಿಗೆ ಹೊಳೆಯಿತು. ತಂದೆತಾಯಿಗಳ ಅನುಮತಿ ಪಡೆದು ಬಾಲಕನನ್ನು ಕರೆದೊಯ್ದು ಓದಿಸಿದರು. ವಿದ್ಯೆ ಮುಗಿದ ಮೇಲೆ ಭದ್ರಬಾಹು ಮನೆಗೆ ಮರಳಿ, ಹೆತ್ತವರನ್ನು ಒಪ್ಪಿಸಿ, ಪುನಃ ಗುರುಗಳ ಬಳಿಗೆ ಬಂದು ದೀಕ್ಷೆ ತೊಟ್ಟರು.

ನಿಮಿತ್ತಗಳನ್ನು ಓದುವುದರಲ್ಲಿ ಪ್ರಸಿದ್ಧರಾದವರ ಬದುಕು ಹೀಗೆ ಬೇರೊಬ್ಬರು ಓದಿದ ನಿಮಿತ್ತದಿಂದಲೇ ಆರಂಭವಾಯಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಗುಂಡುಗಳು ಬಾಲಕನನ್ನು ಶ್ರುತಕೇವಲಿಯನ್ನಾಗಿ ಮಾಡಲಿಲ್ಲ. ಅವನಲ್ಲಿದ್ದ ಏಕಾಗ್ರತೆಯನ್ನು ತೋರಿಸಿದವು, ಅಷ್ಟೆ. ಓದಿಸಿದವರು ಗುರುಗಳು, ಓದಿದವನು ಅವನು. ಆ ಹೊತ್ತಿನಲ್ಲಿ ಗುರುಗಳು ಸುಮ್ಮನೆ ಮುಂದೆ ನಡೆದಿದ್ದರೆ ಹದಿನಾಲ್ಕು ಗುಂಡುಗಳೂ ಸಂಜೆಗೆ ಮಣ್ಣಿನಲ್ಲಿ ಬಿದ್ದಿರುತ್ತಿದ್ದವು.

ಈ ಎಂಟು ನಿಮಿತ್ತಗಳು ಯಾವುವು? ಅಕಲಂಕದೇವರ ತತ್ತ್ವಾರ್ಥವಾರ್ತಿಕ ಅವುಗಳನ್ನು ಕ್ರಮವಾಗಿ ವಿವರಿಸುತ್ತದೆ. ಸೂರ್ಯ, ಚಂದ್ರ, ಗ್ರಹ, ನಕ್ಷತ್ರಗಳ ಉದಯಾಸ್ತಗಳಿಂದ ತಿಳಿಯುವುದು ಅಂತರಿಕ್ಷ. ನೆಲದ ಗಟ್ಟಿತನ, ಮೆದುತನ, ಜಿಡ್ಡು, ಒಣಕಲುಗಳಿಂದ ತಿಳಿಯುವುದು ಭೌಮ. ಅವಯವಗಳನ್ನು ನೋಡಿ ಮುಟ್ಟಿ ತಿಳಿಯುವುದು ಅಂಗ; ಪ್ರಾಣಿಗಳ ಮತ್ತು ಮನುಷ್ಯರ ದನಿಯಿಂದ ತಿಳಿಯುವುದು ಸ್ವರ. ಮಚ್ಚೆ ಮೊದಲಾದವು ವ್ಯಂಜನ. ಅಂಗೈ ಅಂಗಾಲುಗಳ ಶ್ರೀವತ್ಸ, ಸ್ವಸ್ತಿಕಾದಿ ರೇಖೆಗಳು ಲಕ್ಷಣ. ಬಟ್ಟೆ, ಆಯುಧ, ಕೊಡೆ, ಪಾದರಕ್ಷೆಗಳನ್ನು ಇಲಿಯೋ ಮುಳ್ಳೋ ಕತ್ತರಿಸಿದ ಬಗೆಯಿಂದ ತಿಳಿಯುವುದು ಛಿನ್ನ. ವಾತಪಿತ್ತಕಫಗಳ ವಿಕಾರವಿಲ್ಲದವನು ರಾತ್ರಿಯ ಕಡೆಯ ಜಾವದಲ್ಲಿ ಕಂಡ ಕನಸು ಸ್ವಪ್ನ. ಅಜೀರ್ಣದ ಕನಸಿಗೆ ಫಲವಿಲ್ಲವೆಂದು ಒಪ್ಪಿಕೊಳ್ಳುವ ಈ ಕೊನೆಯ ಎಚ್ಚರಿಕೆ ನನಗೆ ಬಹಳ ಇಷ್ಟ.

ಜಗತ್ತಿನ ಇತರೆಡೆಗಳಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಬಾಬಿಲೋನಿಯದ ಪುರೋಹಿತರು ಕುರಿಯನ್ನು ಬಲಿಕೊಟ್ಟು ಅದರ ಯಕೃತ್ತಿನ ಗೆರೆಗಳಲ್ಲಿ ಅರಸನ ಭವಿಷ್ಯವನ್ನು ಓದುತ್ತಿದ್ದರು. ಕಲಿಯುವವರಿಗಾಗಿ ಜೇಡಿಮಣ್ಣಿನ ಯಕೃತ್ತಿನ ಮಾದರಿಗಳನ್ನೂ ಮಾಡಿಟ್ಟಿದ್ದರು. ಚೀನದ ಶಾಂಗ್ ಅರಸರ ಕಾಲದಲ್ಲಿ ದನದ ಹೆಗಲೆಲುಬನ್ನೂ ಆಮೆಯ ಹೊಟ್ಟೆಯ ಚಿಪ್ಪನ್ನೂ ಕಾಯಿಸಿ ಅದರಲ್ಲಿ ಮೂಡಿದ ಬಿರುಕಿನಿಂದ ಉತ್ತರ ಪಡೆಯುತ್ತಿದ್ದರು. ರೋಮಿನವರು ಹಕ್ಕಿಗಳ ಹಾರಾಟವನ್ನು ನೋಡದೆ ದೊಡ್ಡ ರಾಜಕಾರ್ಯಕ್ಕೆ ಕೈಹಾಕುತ್ತಿರಲಿಲ್ಲ. ಆಫ್ರಿಕದ ಯೊರುಬಾ ಜನರ ಇಫಾ ಪದ್ಧತಿಯಲ್ಲಿ ಹದಿನಾರು ತಾಳೆಬೀಜಗಳನ್ನು ಕೈಯಿಂದ ಕೈಗೆ ಬದಲಿಸಿ ಫಲ ನೋಡುತ್ತಾರೆ. ನಮ್ಮ ಕವಡೆಗೆ ಅದು ದೂರದ ನೆಂಟ ಎನಿಸುತ್ತದೆ. ಜೈನರ ಎಂಟು ನಿಮಿತ್ತಗಳಲ್ಲಿ ಜೀವವೊಂದನ್ನು ಕೊಂದು ಓದಬೇಕಾದದ್ದು ಯಾವುದೂ ಇಲ್ಲ. ತಾನಾಗಿ ಆದುದನ್ನು ಕಣ್ಣುಕಿವಿ ತೆರೆದು ಗಮನಿಸುವುದಷ್ಟೆ ಅಲ್ಲಿಯ ಕ್ರಮ. ಭವಿಷ್ಯದ ಭಯ ಮನುಷ್ಯನನ್ನು ಹಿಂಸೆಗೆ ಎಷ್ಟು ಸುಲಭವಾಗಿ ತಳ್ಳುತ್ತದೆಂಬುದು ಜನ್ನಕವಿಯ ಯಶೋಧರ ಚರಿತೆಯನ್ನು ಬಲ್ಲವರಿಗೆ ಹೊಸತಲ್ಲ. ಕೆಟ್ಟ ಕನಸು ಕಂಡೆನೆಂದು ಯಶೋಧರ ಕಟ್ಟಿಹೇಳಿದ ಮಾತಿಗೆ ತಾಯಿ ಶಾಂತಿಗಾಗಿ ಬಲಿ ಬೇಡಿದಳು; ಹಿಟ್ಟಿನ ಹುಂಜವನ್ನು ಕಡಿದ ಸಂಕಲ್ಪಹಿಂಸೆಯೇ ತಾಯಿಮಗನನ್ನು ಜನ್ಮಜನ್ಮಾಂತರ ಅಲೆಸಿತು.

ಭದ್ರಬಾಹುಗಳ ಜೀವನದ ನಡುಭಾಗ ಉಜ್ಜಯಿನಿಯಲ್ಲಿ ಬರುತ್ತದೆ. ಚಂದ್ರಗುಪ್ತನೆಂಬ ಅರಸ ಅವರ ಭಕ್ತ. ದೇವಚಂದ್ರ 1838ರಲ್ಲಿ ಬರೆದ ರಾಜಾವಳಿ ಕಥೆಯಲ್ಲಿ ಅವನು ಪಾಟಲೀಪುತ್ರದ ದೊರೆ. ಕಾರ್ತಿಕ ಹುಣ್ಣಿಮೆಯ ರಾತ್ರಿ ಅವನಿಗೆ ಹದಿನಾರು ಕನಸುಗಳು ಬಿದ್ದವು. ಮುಳುಗುವ ಸೂರ್ಯ, ಮುರಿದುಬಿದ್ದ ಕಲ್ಪವೃಕ್ಷದ ಕೊಂಬೆ, ಇಳಿದುಬಂದು ಹಿಂದಿರುಗಿದ ದೇವವಿಮಾನ, ಒಡೆದ ಚಂದ್ರಬಿಂಬ, ಕಾದಾಡುವ ಕರಿಯಾನೆಗಳು, ಮುಸ್ಸಂಜೆಯ ಮಿಣುಕುಹುಳ, ಬತ್ತಿದ ಕೆರೆ, ಎಲ್ಲೆಡೆ ಕವಿದ ಹೊಗೆ, ಸಿಂಹಾಸನವೇರಿದ ಕೋತಿ, ಹೊನ್ನಿನ ಬಟ್ಟಲಲ್ಲಿ ಪಾಯಸ ನೆಕ್ಕುವ ನಾಯಿ. ಕೊನೆಯದು ಹನ್ನೆರಡು ಹೆಡೆಗಳ ಸರ್ಪ ತನ್ನತ್ತ ಬರುತ್ತಿರುವುದು.

ತೀರ್ಥಂಕರರ ತಾಯಿ ಕಾಣುವ ಹದಿನಾರು ಶುಭಸ್ವಪ್ನಗಳನ್ನು ಪಂಚಕಲ್ಯಾಣಗಳಲ್ಲಿ ಕೇಳುತ್ತ ಬಂದವರಿಗೆ ಈ ಹದಿನಾರು ಅದರ ತಲೆಕೆಳಗಾದ ಪ್ರತಿಬಿಂಬದಂತೆ ತೋರುತ್ತದೆ. ಆದಿಪುರಾಣದಲ್ಲಿ ಭರತ ಚಕ್ರವರ್ತಿಗೂ ಇಂಥದೇ ಹದಿನಾರು ಕನಸುಗಳು ಬಿದ್ದು, ವೃಷಭಸ್ವಾಮಿಗಳು ಮುಂಬರುವ ಕಾಲದ ಹೀನಸ್ಥಿತಿಯನ್ನು ತಿಳಿಸುತ್ತಾರೆ. ಚಂದ್ರಗುಪ್ತ ಭದ್ರಬಾಹುಗಳಲ್ಲಿಗೆ ಬಂದು ಬಿನ್ನವಿಸಿದಾಗ ಅವರು ಒಂದೊಂದರ ಅರ್ಥವನ್ನೂ ಬಿಡಿಸಿದರು. ಸೂರ್ಯಾಸ್ತವೆಂದರೆ ಶ್ರುತಜ್ಞಾನ ಕತ್ತಲಿಗೆ ಸಲ್ಲುವುದು. ಚಂದ್ರ ಒಡೆದದ್ದು ಜಿನಮತ ಹೋಳಾಗುವ ಸೂಚನೆ. ಮಿಣುಕುಹುಳವೆಂದರೆ ಅಲ್ಲೊಂದು ಇಲ್ಲೊಂದು ಕಿಡಿಯಂತೆ ಉಳಿಯುವ ಅರಿವು. ಕರಿಯಾನೆಗಳ ಕಾಳಗ ಮಳೆ ಕಾಲಕ್ಕೆ ಸರಿಯಾಗಿ ಬಾರದಿರುವುದು. ಬಟ್ಟಲಿನ ನಾಯಿ ಎಂದರೆ ಆರರಲ್ಲೊಂದು ಪಾಲಿನ ಕಂದಾಯದಿಂದ ತೃಪ್ತರಾಗದೆ ಪ್ರಜೆಗಳಿಂದ ಇನ್ನಷ್ಟು ಸುಲಿಯುವ ಅರಸರು. ಸರ್ಪದ ಹನ್ನೆರಡು ಹೆಡೆಗಳು ಹನ್ನೆರಡು ವರ್ಷದ ಕ್ಷಾಮ. ಅರಸನ ಮುಂದೆಯೇ ಅರಸರ ಲೋಭವನ್ನು ಹೇಳಿದ್ದು ಸಾಮಾನ್ಯ ಧೈರ್ಯವಲ್ಲ. ಆಸ್ಥಾನದ ಜೋಯಿಸನಾಗಿದ್ದರೆ ಆ ಒಂದು ಕನಸಿಗೆ ಬೇರೆ ಅರ್ಥ ಹುಟ್ಟುತ್ತಿತ್ತೇನೋ. ಅರಸ ಅದಕ್ಕೆ ಶಾಂತಿಯನ್ನು ಕೇಳಲಿಲ್ಲ, ಗುರುಗಳು ಶಾಂತಿಯನ್ನು ಹೇಳಲೂ ಇಲ್ಲ.

ಆಮೇಲೆ ಒಂದು ದಿನ ಮುನಿಗಳು ಚರ್ಯೆಗೆ ಹೊರಟು ಒಂದು ಮನೆಯ ಬಾಗಿಲಿಗೆ ಬಂದರು. ಒಳಗೆ ಹಿರಿಯರು ಯಾರೂ ಕಾಣಲಿಲ್ಲ. ತೊಟ್ಟಿಲಲ್ಲಿ ಒಂದು ಎಳೆಗೂಸು ಮಾತ್ರ ಇತ್ತು. ಹರಿಷೇಣರ ಕಥೆಯಲ್ಲಿ ಮಾತು ಬಾರದ ಆ ಕೂಸು ಬೇಗನೆ ಇಲ್ಲಿಂದ ಹೊರಟುಹೋಗುವಂತೆ ಮುನಿಗಳಿಗೆ ಹೇಳುತ್ತದೆ. ರಾಜಾವಳಿ ಕಥೆಯಲ್ಲಿ ಕೂಸು ಜೋರಾಗಿ ಅಳುತ್ತಿರುತ್ತದೆ, ಮುನಿಗಳು ಹನ್ನೆರಡು ಸಲ ಕರೆದರೂ ಉತ್ತರ ಬರುವುದಿಲ್ಲ. ಎರಡರಲ್ಲೂ ಫಲ ಒಂದೇ: ಹನ್ನೆರಡು ವರ್ಷಗಳ ಬರ ಎದುರಿಗಿದೆ ಎಂದು ಅವರಿಗೆ ತಿಳಿಯಿತು. ಮುನಿಗಳು ಆಹಾರವಿಲ್ಲದೆ ಹಿಂದಿರುಗಿದರು. ಪವಾಡವನ್ನು ಬದಿಗಿಟ್ಟು ನೋಡಿದರೂ ಈ ದೃಶ್ಯದಲ್ಲಿ ಒಂದು ಕರುಳು ಹಿಂಡುವ ಸತ್ಯವಿದೆ. ಅತಿಥಿ ಬಂದಾಗ ಎದುರುಗೊಳ್ಳಲು ಯಾರೂ ಇಲ್ಲದ ಮನೆ, ಎತ್ತಿಕೊಳ್ಳುವವರಿಲ್ಲದೆ ಅಳುವ ಮಗು: ಬರಗಾಲ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ ಅಲ್ಲವೇ?

ಇನ್ನು ಅವರು ಮಾಡಿದ್ದೇನೆಂಬುದು ಮುಖ್ಯ. ಲಿಡಿಯದ ಅರಸ ಕ್ರೀಸಸ್ ಗ್ರೀಸಿನ ಡೆಲ್ಫಿಯಲ್ಲಿ ಪರ್ಷಿಯದ ಮೇಲಣ ಯುದ್ಧದ ಫಲ ಕೇಳಿದಾಗ ದೊಡ್ಡ ಸಾಮ್ರಾಜ್ಯವೊಂದು ನಾಶವಾದೀತೆಂಬ ಉತ್ತರ ಬಂತು. ಅವನು ಸಂತೋಷದಿಂದ ದಂಡೆತ್ತಿ ಹೋಗಿ ತನ್ನ ಸಾಮ್ರಾಜ್ಯವನ್ನೇ ಕಳೆದುಕೊಂಡ ಕಥೆಯನ್ನು ಹೆರೊಡೋಟಸ್ ಹೇಳಿದ್ದಾನೆ. ಅವನು ಕೇಳಿದ್ದು ತನ್ನ ಲಾಭವನ್ನು. ಆದ್ದರಿಂದ ಕೇಳಿಸಿದ್ದೂ ಅದೇ. ಭದ್ರಬಾಹುಗಳು ತಮಗಾಗಿ ಏನನ್ನೂ ಕೇಳಿರಲಿಲ್ಲ. ತಿಳಿದುಬಂದದ್ದನ್ನು ಸಂಘದ ಮುಂದೆ ಇಟ್ಟರು. ಬರಗಾಲದಲ್ಲಿ ಮನೆಯವರು ತಮ್ಮ ಮಕ್ಕಳ ಬಾಯಿಯ ತುತ್ತನ್ನು ಮುನಿಗಳಿಗೆ ಕೊಡಬೇಕಾಗುತ್ತದೆ, ಇಲ್ಲವೇ ಮುನಿಗಳು ವ್ರತವನ್ನು ಸಡಿಲಿಸಿ ಬದುಕಬೇಕಾಗುತ್ತದೆ. ಎರಡೂ ಆಗಬಾರದೆಂದರೆ ನಾಡನ್ನೇ ಬಿಡಬೇಕು. ಶ್ರಾವಕರು ಉಗ್ರಾಣಗಳು ತುಂಬಿವೆ, ಹೋಗಬೇಡಿ ಎಂದು ಬೇಡಿಕೊಂಡರೆಂದು ಕಥೆಗಳಿವೆ. ಕೆಲವರು ಉಳಿದರು. ಸಂಘದ ಬಹುಭಾಗ ದಕ್ಷಿಣಕ್ಕೆ ಹೊರಟಿತು. ಹನ್ನೆರಡು ಸಾವಿರ ಮುನಿಗಳೆಂದು ಪರಂಪರೆ. ಚಂದ್ರಗುಪ್ತ ಮಗನಿಗೆ ಪಟ್ಟ ಕಟ್ಟಿ, ದೀಕ್ಷೆ ತೊಟ್ಟು, ಗುರುಗಳ ಹಿಂದೆ ನಡೆದ.

ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ನಡೆಯುವುದೇಕೆ? ಈ ಪ್ರಶ್ನೆ ಮಹಾವೀರರ ಕಾಲದಲ್ಲೇ ಎದ್ದಿತ್ತು. ಆಜೀವಿಕರ ನಾಯಕ ಮಕ್ಖಲಿ ಗೋಶಾಲ ನಿಮಿತ್ತಶಾಸ್ತ್ರದಲ್ಲಿ ಪಳಗಿದವನೆಂದು ಆಗಮಗಳಲ್ಲಿ ಪ್ರಸಿದ್ಧ. ಎಲ್ಲವೂ ನಿಯತಿ, ಪುರುಷಪ್ರಯತ್ನದಿಂದ ಆಗುವುದೇನೂ ಇಲ್ಲ ಎಂಬುದು ಅವನ ಮತ. ನಿಮಿತ್ತಜ್ಞಾನ ಅವನನ್ನು ಕೈಕಟ್ಟಿ ಕೂರುವ ಸಿದ್ಧಾಂತಕ್ಕೆ ಒಯ್ದಿತು. ಅದೇ ಜ್ಞಾನ ಭದ್ರಬಾಹುಗಳನ್ನು ಎಬ್ಬಿಸಿ ವಿಂಧ್ಯದಾಚೆಗೆ ನಡೆಸಿತು. ಜಿನಮತದಲ್ಲಿ ನಿಮಿತ್ತವು ಕರ್ಮೋದಯದ ಸೂಚನೆ ಮಾತ್ರ. ಹೊಗೆ ಬೆಂಕಿಯನ್ನು ತಿಳಿಸುತ್ತದೆ, ಹೊತ್ತಿಸುವುದಿಲ್ಲ. ಮಳೆ ಬಾರದಿರುವುದು ಮುನಿಗಳ ಕೈಯಲ್ಲಿರಲಿಲ್ಲ. ಮಳೆ ಬಾರದಾಗ ತಾವು ಹೇಗಿರಬೇಕೆಂಬುದು ಇತ್ತು.

ಈ ವಿದ್ಯೆ ಹೊಟ್ಟೆಪಾಡಾಗಬಾರದೆಂಬ ನಿಷ್ಠುರತೆಯೂ ಮುನಿಧರ್ಮದಲ್ಲಿದೆ. ಮೂಲಾಚಾರವು ಮುನಿಗಳ ಆಹಾರಕ್ಕೆ ಸಂಬಂಧಿಸಿ ಹದಿನಾರು ಉತ್ಪಾದನದೋಷಗಳನ್ನು ಹೇಳುತ್ತದೆ. ನಿಮಿತ್ತ ಹೇಳಿ ಪಡೆದ ಆಹಾರ ಅದರಲ್ಲೊಂದು. ಚಿಕಿತ್ಸೆ ಮಾಡಿ, ಮಂತ್ರ ಕೊಟ್ಟು, ಹೊಗಳಿ ಪಡೆದದ್ದೂ ಅದೇ ಸಾಲಿನಲ್ಲಿ ಬರುತ್ತದೆ. ಗೃಹಸ್ಥರು ಈ ಶಾಸ್ತ್ರಗಳನ್ನು ಬೆಳೆಸಿದರು, ನಿಜ. ಕನ್ನಡದ ಮೊದಲ ಜ್ಯೋತಿಷಗ್ರಂಥವೆನಿಸಿದ ಜಾತಕತಿಲಕವನ್ನು 1049ರಲ್ಲಿ ಬರೆದವನು ಜೈನಕವಿ ಶ್ರೀಧರಾಚಾರ್ಯ. ಮಳೆ, ಮಿಂಚು, ಶಕುನಗಳ ಕುರಿತ ರಟ್ಟಮತವೂ ಜೈನನ ಕೃತಿಯೇ. ಭದ್ರಬಾಹುಗಳ ಹೆಸರಿನಲ್ಲೇ ಭದ್ರಬಾಹು ಸಂಹಿತೆಯೆಂಬ ಸಂಸ್ಕೃತ ಗ್ರಂಥವೊಂದು ಪ್ರಚಾರದಲ್ಲಿದೆ. ಉಲ್ಕೆ, ಸೂರ್ಯಚಂದ್ರರ ಸುತ್ತಣ ಪರಿವೇಷ, ಮೋಡ, ಗಾಳಿಗಳ ಲಕ್ಷಣಗಳು ಅದರಲ್ಲಿವೆ. ಅದು ಶ್ರುತಕೇವಲಿಗಳ ರಚನೆಯಲ್ಲ, ಬಹಳ ಈಚಿನದೆಂದು ಜೈನ ವಿದ್ವಾಂಸರಾದ ಜುಗಲ್ ಕಿಶೋರ್ ಮುಖ್ತಾರರೇ ಪರೀಕ್ಷಿಸಿ ತೋರಿಸಿದ್ದಾರೆ. ದೊಡ್ಡವರ ಹೆಸರಿಗೆ ಪುಸ್ತಕ ಅಂಟಿಸುವ ಚಾಳಿ ಎಲ್ಲ ಮತಗಳಲ್ಲೂ ಇದೆ.

ಶ್ವೇತಾಂಬರ ಪ್ರಬಂಧಗಳು ಇನ್ನೊಂದು ಕಥೆಯನ್ನು ಉಳಿಸಿಕೊಂಡಿವೆ. ಅಲ್ಲಿ ಜ್ಯೋತಿಷಿ ವರಾಹಮಿಹಿರ ಭದ್ರಬಾಹುಗಳ ತಮ್ಮ. ಆಚಾರ್ಯಪದವಿ ದೊರೆಯದ ಕೋಪಕ್ಕೆ ಸಂಘವನ್ನು ಬಿಟ್ಟು ಅರಮನೆ ಸೇರಿದ. ತನಗೆ ಮಗ ಹುಟ್ಟಿದಾಗ ನೂರು ವರ್ಷದ ಆಯುಸ್ಸೆಂದು ಸಾರಿದ. ಊರೆಲ್ಲ ಹರಸಲು ಬಂದರೂ ಅಣ್ಣ ಬರಲಿಲ್ಲವೆಂದು ಜನ ಆಡಿಕೊಂಡಾಗ, ಮಗುವಿಗೆ ಕೆಲವೇ ದಿನಗಳ ಆಯುಸ್ಸೆಂದೂ ಬೆಕ್ಕಿನಿಂದ ಸಾವೆಂದೂ ಭದ್ರಬಾಹುಗಳು ತಿಳಿಸಬೇಕಾಯಿತು. ವರಾಹ ಊರಿನ ಬೆಕ್ಕುಗಳನ್ನೆಲ್ಲ ದೂರವಿಡಿಸಿದ. ಆದರೆ ಬಾಗಿಲಿನ ಅಗುಳಿ ಬಿದ್ದು ಮಗು ಸತ್ತಿತು. ಅಗುಳಿಯ ತುದಿಯಲ್ಲಿ ಬೆಕ್ಕಿನ ರೂಪ ಕೆತ್ತಿತ್ತು. ಚರಿತ್ರೆಯ ವರಾಹಮಿಹಿರ ಕ್ರಿ.ಶ. ಆರನೆಯ ಶತಮಾನದವನು, ಆದ್ದರಿಂದ ಇದು ಬೇರೊಬ್ಬ ಭದ್ರಬಾಹುವಿನ ಕಥೆ ಶ್ರುತಕೇವಲಿಗಳಿಗೆ ಸೇರಿಕೊಂಡದ್ದಿರಬೇಕು. ಆದರೂ ಕಥೆ ಹೇಳಿದವನ ಮನಸ್ಸು ಚೆನ್ನಾಗಿತ್ತು. ತಿಳಿದವರು ತಾವಾಗಿ ಹೋಗಿ ಹೆತ್ತವರ ಎದುರು ಸಾವನ್ನು ನುಡಿಯಲಿಲ್ಲ, ಸುಳ್ಳು ಹರಕೆಯನ್ನೂ ಕೊಡಲಿಲ್ಲ.

ದಕ್ಷಿಣಕ್ಕೆ ಬಂದ ಸಂಘ ಕಟವಪ್ರವೆಂಬ ಬೆಟ್ಟದ ಬಳಿಗೆ ತಲುಪಿತು. ಕಳ್ಬಪ್ಪು ಎಂದೂ ಕರೆಯುತ್ತಿದ್ದ ಅದೇ ಶ್ರವಣಬೆಳಗೊಳದ ಇಂದಿನ ಚಂದ್ರಗಿರಿ, ಜನರ ಮಾತಿನ ಚಿಕ್ಕಬೆಟ್ಟ. ಅಲ್ಲಿ ಭದ್ರಬಾಹುಗಳಿಗೆ ತಮ್ಮ ಆಯುಸ್ಸು ಮುಗಿಯುತ್ತ ಬಂದದ್ದು ತಿಳಿಯಿತು. ವಿಶಾಖಾಚಾರ್ಯರಿಗೆ ಸಂಘವನ್ನು ಒಪ್ಪಿಸಿ ಚೋಳ ಪಾಂಡ್ಯ ದೇಶಗಳತ್ತ ಮುಂದುವರಿಯಲು ಹೇಳಿ ತಾವು ಬೆಟ್ಟದಲ್ಲೇ ನಿಂತರು. ಅವರ ಬಳಿ ಉಳಿದವನು ಚಂದ್ರಗುಪ್ತ ಮುನಿ ಒಬ್ಬನೇ. ನಿರ್ಜನ ಕಾಡಿನಲ್ಲಿ ಶಿಷ್ಯ ಚರ್ಯೆಗೆ ಹೊರಟಾಗ ಬಳೆ ತೊಟ್ಟ ಕೈಯೊಂದು ಮಾತ್ರ ಕಾಣಿಸಿಕೊಂಡು ಅನ್ನ ನೀಡಿತಂತೆ. ವಿಧಿಯಿಲ್ಲದ ಆಹಾರವೆಂದು ಅವನು ಬರಿಗೈಯಲ್ಲಿ ಹಿಂದಿರುಗಿದ, ಗುರುಗಳು ಮೆಚ್ಚಿದರು. ಪವಾಡ ಕಣ್ಣೆದುರಿಗಿದ್ದರೂ ನಿಯಮ ತಪ್ಪಬಾರದೆಂದು ಆ ಮುದುಕ ಗುರುವೂ ಮಾಜಿ ಅರಸನೂ ಹಸಿದಿದ್ದ ಚಿತ್ರ ನನ್ನ ಮನಸ್ಸಿನಿಂದ ಸರಿಯುವುದಿಲ್ಲ. ಭದ್ರಬಾಹುಗಳು ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಚಿದಾನಂದ ಕವಿ 1680ರ ಮುನಿವಂಶಾಭ್ಯುದಯದಲ್ಲಿ ಮಾತ್ರ ಅವರ ಮೇಲೆ ಹುಲಿ ಎರಗಿತೆಂದು ಬರೆದಿದ್ದಾನೆ.

ಎಲ್ಲ ಆಕರಗಳೂ ಒಂದೇ ಮಾತನ್ನು ಹೇಳುವುದಿಲ್ಲ. ಹರಿಷೇಣರ ಪ್ರಕಾರ ಭದ್ರಬಾಹುಗಳು ಉಜ್ಜಯಿನಿಯ ಸಮೀಪದಲ್ಲೇ ಉಳಿದರು, ಪುನ್ನಾಟಕ್ಕೆ ಬಂದದ್ದು ಸಂಘ ಮಾತ್ರ. ಶ್ವೇತಾಂಬರರು ಅವರು ನೇಪಾಳದಲ್ಲಿ ಧ್ಯಾನನಿರತರಾಗಿದ್ದರೆಂದೂ ಸ್ಥೂಲಭದ್ರ ಅಲ್ಲಿಗೆ ಹೋಗಿ ಪೂರ್ವಗಳನ್ನು ಕಲಿತನೆಂದೂ ಹೇಳುತ್ತಾರೆ. ಚಂದ್ರಗುಪ್ತ ಮೌರ್ಯನ ಕಾಲಕ್ಕೂ ವೀರನಿರ್ವಾಣದ 162ನೆಯ ವರ್ಷಕ್ಕೂ ಸರಿಹೊಂದಿಸುವುದು ಇತಿಹಾಸಕಾರರಿಗೆ ಇನ್ನೂ ತೊಡಕು. ಆದರೆ ಚಂದ್ರಗಿರಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರಲ್ಲಿ ಕೊರೆದ ಶಾಸನ, ಅಷ್ಟಾಂಗ ಮಹಾನಿಮಿತ್ತ ಬಲ್ಲ ಭದ್ರಬಾಹುಸ್ವಾಮಿ ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ವಿಷಮಕಾಲವನ್ನು ನಿಮಿತ್ತದಿಂದ ಅರಿತು ಹೇಳಿದರೆಂದೂ ಸಂಘವೆಲ್ಲ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಸಾರುತ್ತದೆ. ಶ್ರೀರಂಗಪಟ್ಟಣದ ಬಳಿಯ ಸುಮಾರು 900ರ ಎರಡು ಶಾಸನಗಳು ಕಳ್ಬಪ್ಪು ಬೆಟ್ಟದ ನೆತ್ತಿ ಭದ್ರಬಾಹು ಚಂದ್ರಗುಪ್ತ ಮುನಿಗಳ ಪಾದಚಿಹ್ನೆಗಳಿಂದ ಕೂಡಿದ್ದೆಂದು ವರ್ಣಿಸುತ್ತವೆ.

ನಿಮಿತ್ತ ಬಲ್ಲವರ ಪರಂಪರೆ ಭದ್ರಬಾಹುಗಳೊಂದಿಗೆ ಪೂರ್ತಿ ನಿಲ್ಲಲಿಲ್ಲ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರೂ ಅಷ್ಟಾಂಗ ನಿಮಿತ್ತ ಬಲ್ಲವರಾಗಿದ್ದರು. ಇಬ್ಬರು ಶಿಷ್ಯರು ಬರುವ ಮುನ್ನಿನ ರಾತ್ರಿ ಅವರು ಎರಡು ಬಿಳಿಯ ಎತ್ತುಗಳನ್ನು ಕನಸಿನಲ್ಲಿ ಕಂಡರು. ಉಳಿದಿದ್ದ ಶ್ರುತವನ್ನು ಆ ಪುಷ್ಪದಂತ ಭೂತಬಲಿಗಳಿಗೆ ಕಲಿಸಿದರು. ಅದನ್ನು ಹೇಳುವ ಧವಳಾ ಟೀಕೆಯ ತಾಳೆಗರಿಗಳು ನಮ್ಮ ಮೂಡುಬಿದಿರೆಯಲ್ಲಿ ಉಳಿದುಬಂದವು.

ಬರ ಹನ್ನೆರಡನೆಯ ವರ್ಷಕ್ಕೆ ಮುಗಿಯಿತು. ವಿಶಾಖಾಚಾರ್ಯರು ಸಂಘದೊಡನೆ ಉತ್ತರಕ್ಕೆ ಮರಳುವಾಗ ಬೆಟ್ಟಕ್ಕೆ ಬಂದರು. ಚಂದ್ರಗುಪ್ತ ಮುನಿ ಗುರುಪಾದಗಳ ಸೇವೆಯಲ್ಲಿ ಅಲ್ಲೇ ಇದ್ದ. ಸಂಘ ಹೊರಟುಹೋಯಿತು; ಅವನು ಉಳಿದ, ಕಡೆಗೆ ಅಲ್ಲೇ ಸಮಾಧಿ ಹೊಂದಿದ. ಅವನ ಹೆಸರಿನ ಬಸದಿಯಲ್ಲಿ ದಾಸೋಜನೆಂಬ ಶಿಲ್ಪಿ ಹನ್ನೆರಡನೆಯ ಶತಮಾನದಲ್ಲಿ ಕೆತ್ತಿದ ಕಲ್ಲಿನ ಜಾಲಂಧ್ರಗಳಿವೆ. ಗುರುಶಿಷ್ಯರ ಕಥೆ ಅವುಗಳ 90 ಪುಟ್ಟ ಚೌಕಗಳಲ್ಲಿ ಹರಡಿಕೊಂಡಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಭದ್ರಬಾಹು ಗವಿ. ಬಾಗಿ ಒಳಹೊಕ್ಕರೆ ಬಂಡೆಯಲ್ಲಿ ಕೊರೆದ ಎರಡು ಪಾದಗಳು ಕಾಣುತ್ತವೆ.